ಜಿಂಕೆಗೆ ಹೊದಿಸಿದ ಚೀಲ

ಕೆಂಕೆರೆಯ ಗಂಗರಾಜು ಇಪ್ಪತ್ತಾರು ವರ್ಷ ಗಾಡಿ ಓಡಿಸಿದ. ಅಷ್ಟು ವರ್ಷದಲ್ಲಿ ತನ್ನ ಚಕ್ರಕ್ಕೆ ಒಂದು ಕೋಳಿಯೂ ಸಿಕ್ಕಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವನಿಗೆ ಪಾಯಸ ಬರುವಷ್ಟರಲ್ಲಿ ಈ ಮಾತು ಬಂದಿರುತ್ತಿತ್ತು. ಆ ಬಾಯಿಗೆ ಬೀಗ ಬಿದ್ದದ್ದು ಕಳೆದ ಬೇಸಿಗೆಯಲ್ಲಿ.

ಅವನದೊಂದು ಪಿಕಪ್ ಗಾಡಿ. ಮುಂದಿನ ಗಾಜಿನ ಮೇಲೆ ಅವ್ವನ ಹೆಸರು, ಸಿದ್ದಮ್ಮ ಅಂತ. ಸುತ್ತಲ ಹಳ್ಳಿಗಳ ತೆಂಗಿನಕಾಯಿ, ಮಟ್ಟೆ, ಚಿಪ್ಪು ಎಲ್ಲ ಹೊರುತ್ತಿದ್ದ. ಆದರೆ ಅವನಿಗೆ ಹೆಮ್ಮೆ ಇದ್ದದ್ದು ಕಾಡಸಿದ್ದಪ್ಪನವರ ಕೊಬ್ಬರಿ ಹೊರುವುದರಲ್ಲಿ. ಹತ್ತೊಂಬತ್ತು ವರ್ಷದಿಂದ ಅವರ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಬೇರೆ ಗಾಡಿಯಲ್ಲಿ ಹೋದದ್ದಿಲ್ಲ. ಕಾಡಸಿದ್ದಪ್ಪನವರಿಗೆ ಎಪ್ಪತ್ತೆರಡು. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಬಿಡದ ಮನುಷ್ಯ. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವವರೆಗೂ ಕಾದು, ಆಮೇಲೆ ಸುಲಿಸಿ ಚೀಲ ತುಂಬಿಸುವರು. ಪ್ರತಿ ಚೀಲದ ಮೇಲೂ ಅವರಪ್ಪನ ಕಾಲದ ತಗಡಿನ ಅಚ್ಚಿಟ್ಟು ಕೆಂಪು ಬಣ್ಣ ಬಳಿಯುವರು. ಒಂದು ಸುತ್ತು, ಅದರೊಳಗೆ 'ಕಾ'. ಆ ಗುರುತು ಕಂಡರೆ ಮಾರುಕಟ್ಟೆಯಲ್ಲಿ ಚೀಲ ಬಿಚ್ಚದೆ ಬೆಲೆ ಬರೆಯುವವರಿದ್ದರು.

ಗುರುತು ಯಾರದೋ ಜವಾಬು ಅವರದು. ಆ ಕಡೆಯ ಹಳೇ ಬೆಳೆಗಾರರು ಹಾಗೇ ನಡೆದುಕೊಂಡು ಬಂದವರು. ಒಂದು ಸಲ ಗಂಗರಾಜು ಸೋಮಾರಿತನ ಮಾಡಿ ಟಾರ್ಪಾಲು ಸರಿಯಾಗಿ ಕಟ್ಟಲಿಲ್ಲ. ದಾರಿಯಲ್ಲಿ ಮಳೆ ಹೊಡೆದು ಎಂಟು ಚೀಲಕ್ಕೆ ಬೂಸಲು ಬಂತು. ಕೊಂಡವನು ಮಂಡಿಯಲ್ಲಿ ನಾಲ್ಕು ಜನರ ಮುಂದೆ ಕೂಗಾಡಿದ. ಗಂಗರಾಜು ಅಲ್ಲೇ ನಿಂತಿದ್ದ. ಕಾಡಸಿದ್ದಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ಚೀಲ ನಂದು, ಜವಾಬು ನಂದು ಅಂದು ನಷ್ಟ ಕಟ್ಟಿಕೊಟ್ಟರು. ದಾರಿಯಲ್ಲೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಗಂಗರಾಜು ಆಮೇಲೆ ಹೇಳುತ್ತಿದ್ದ.

ಇನ್ನು ಆ ದಿನದ ವಿಷಯ. ಬೇಸಿಗೆಯಲ್ಲಿ ಗುಡ್ಡದ ಕಡೆ ನೀರು ಬತ್ತಿದರೆ ಜಿಂಕೆಗಳು ತೋಟಗಳಿಗೆ ಇಳಿಯುತ್ತವೆ, ಡ್ರಿಪ್ ಪೈಪು ಒಸರುವ ಕಡೆ ನೆಲ ನೆಕ್ಕಿ ಬೆಳಗಾಗುವಾಗ ವಾಪಸು ಹೊರಡುತ್ತವೆ. ಗಂಗರಾಜು ಮೂವತ್ತು ಚೀಲ ಕೊಬ್ಬರಿ ಹೇರಿಕೊಂಡು ಆ ಹೊತ್ತಿಗೇ ಬರುತ್ತಿದ್ದ. ಹರಿದರೆ ಬೇಕಾಗುತ್ತದೆ ಎಂದು ಕಾಡಸಿದ್ದಪ್ಪ ತಮ್ಮ ಕೈಯಾರೆ ಎರಡು ಖಾಲಿ ಚೀಲ ಮಡಿಸಿ ಸೀಟಿನ ಹಿಂದೆ ಇಟ್ಟಿದ್ದರು. ಹುಳಿಯಾರು ದಾಟಿ ಎರಡು ಮೈಲಿ ಬಂದಿರಬೇಕು. ಎಡಗಡೆಯ ಲಂಟಾನ ಪೊದೆಯಿಂದ ಒಂದು ಜಿಂಕೆ ಹಾರಿ ರಸ್ತೆ ದಾಟಿತು. ಇವನು ಬ್ರೇಕು ಮೆಟ್ಟಿದ. ಹೋಯಿತಲ್ಲ, ಬದುಕಿತು ಎಂದು ಕಾಲು ಎತ್ತಿದ. ಎತ್ತಬಾರದಿತ್ತು. ಅದರ ಹಿಂದೆಯೇ ಇನ್ನೊಂದು ಬಂತು.

ಸದ್ದೇನೂ ದೊಡ್ಡದಲ್ಲ. ಒಂದು ಎಳನೀರು ಕೆಳಗೆ ಬಿದ್ದಷ್ಟು. ಇಳಿದು ನೋಡಿದರೆ ಹೆಣ್ಣು ಜಿಂಕೆ, ಹಿಂದಿನ ಕಾಲೆರಡೂ ಸತ್ತಿದ್ದವು, ಮುಂದಿನ ಕಾಲಲ್ಲಿ ಏಳಲು ನೋಡುತ್ತಿತ್ತು. ಗಂಗರಾಜನಿಗೆ ಅಳು ಬಂತು. ನೀರಿನ ಬಾಟಲಿ ತಂದು ಬಾಯಿಗೆ ಬಿಟ್ಟ. ಒಂದು ಗುಟುಕು ಒಳಗೆ ಹೋಯಿತು, ಎರಡನೆಯದು ಹಾಗೇ ಹೊರಗೆ ಬಂತು. ಅಷ್ಟರಲ್ಲಿ ಪ್ರಾಣ ಹೋಗಿತ್ತು. ನಾಯಿ ಕಾಗೆ ಕಿತ್ತು ತಿನ್ನಬಾರದು ಎಂದು ಬದಿಗೆಳೆದ, ಸೀಟಿನ ಹಿಂದಿನ ಒಂದು ಚೀಲ ತೆಗೆದು ಮೇಲೆ ಹೊದಿಸಿದ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ, ಕೈಮುಗಿದ. ಅಷ್ಟೆಲ್ಲ ಮಾಡುವಾಗಲೂ ಪುಣ್ಯಾತ್ಮನಿಗೆ ಚೀಲದ ಮೇಲಿನ ಕೆಂಪು ಗುರುತು ಕಾಣಲೇ ಇಲ್ಲ. ದಿನಾ ನೋಡುವುದು ಎಲ್ಲಿ ಕಣ್ಣಿಗೆ ಬೀಳುತ್ತದೆ ಹೇಳಿ.

ತಿಪಟೂರಿನಲ್ಲಿ ಕೊಬ್ಬರಿ ಇಳಿಸಿ ಡ್ರೈವರುಗಳು ಕೂರುವ ಟೀ ಅಂಗಡಿಗೆ ಹೋದ. ಹೇಳಿಬಿಡೋಣ ಎಂದೇ ಹೋದದ್ದು. ಬಂಪರು ಯಾಕೆ ನೆಗ್ಗಿದೆ ಎಂದು ಯಾರೋ ಕೇಳಿದರು. ಇವನು ಬಾಯಿ ತೆರೆಯುವ ಮೊದಲೇ ಮಾತು ಜಿಂಕೆ ಮೇಲೆ ಹೋಯಿತು, ಯಾಕೆಂದರೆ ಆ ರಸ್ತೆಯಲ್ಲಿ ಓಡಾಡುವ ಎಲ್ಲರ ಹತ್ತಿರವೂ ಒಂದೊಂದು ಜಿಂಕೆ ಕತೆ ಇತ್ತು. ಒಬ್ಬನ ಗಾಜು ಒಡೆದುಕೊಂಡು ಕೊಂಬು ಒಳಗೇ ಬಂದಿತ್ತಂತೆ. ಇನ್ನೊಬ್ಬ ತಪ್ಪಿಸಲು ಹೋಗಿ ಮೋರಿಗೆ ಬಿದ್ದು ಆರು ತಿಂಗಳು ಮಲಗಿದ್ದ. ತುರುವೇಕೆರೆಯ ರೇಣುಕಪ್ರಸಾದ್ ಮಾತ್ರ ಸುಮ್ಮನೆ ಟೀ ಕುಡಿಯುತ್ತಿದ್ದ. ಅವನು ಗುದ್ದಿದವನು, ನಿಲ್ಲಿಸಿದವನು, ತಾನೇ ಫೋನು ಮಾಡಿ ಅರಣ್ಯದವರನ್ನು ಕರೆಸಿದವನು. ಕೇಸು ಮುಗಿಯುವವರೆಗೆ ಎಂದು ಅವನ ಗಾಡಿಯನ್ನು ಯಾವುದೋ ಕಾಂಪೌಂಡಿನಲ್ಲಿ ನಿಲ್ಲಿಸಿದರು. ಮೂರು ವರ್ಷವಾಯಿತು. ಈಗ ಅವನು ಬೇರೆಯವರ ಗಾಡಿ ಓಡಿಸುತ್ತಿದ್ದ.

"ಹೋಗಿ ನೋಡ್ಕೊಂಡ್ ಬಂದೆ ಕಣ್ಲಾ ಮೊನ್ನೆ. ಬಾನೆಟ್ ಒಳಗೆ ಹೊಂಗೆ ಗಿಡ ಎದ್ದಿದೆ" ಎಂದ ರೇಣುಕಪ್ರಸಾದ್.

ಬಂಪರು ಮಂಡಿ ಕಂಬಕ್ಕೆ ತಾಗಿತು ಎಂದು ಗಂಗರಾಜು ಹೇಳಿದ. ಒಂದು ಸುಳ್ಳು, ಅಷ್ಟೇ. ಆಮೇಲೆ ಅದು ಅವನನ್ನು ಕಟ್ಟಿಹಾಕಿತು.

ಮಾರನೆಯ ದಿನ ಅರಣ್ಯ ಇಲಾಖೆಯವರು ಚೀಲ ಹಿಡಿದುಕೊಂಡು ಕಾಡಸಿದ್ದಪ್ಪನವರ ಜಗಲಿಗೆ ಬಂದರು. ಸುತ್ತಿನೊಳಗಿನ 'ಕಾ' ಯಾರದೆಂದು ಹುಳಿಯಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಚೀಲದಲ್ಲಿ ರಕ್ತ, ಕೂದಲು. ಜಿಂಕೆ ಹೊಡೆದು ಸಾಗಿಸಲು ಮುಚ್ಚಿಟ್ಟಿದ್ದರು ಎಂಬುದು ಅವರ ಲೆಕ್ಕ. ಅವರ ಕೆಲಸ ಅವರು ಮಾಡಿದರು, ತಪ್ಪೆನ್ನಲಾಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಊರವರು ಮೊದಲು ನಕ್ಕರು. ಈರುಳ್ಳಿಯನ್ನೂ ಸೋಮವಾರ ಮುಟ್ಟದ ಮುದುಕ ಜಿಂಕೆ ಹೊಡೆಯುವುದುಂಟೆ? ಆದರೆ ಎರಡನೇ ಸಲ ಜೀಪು ಬಂದಾಗ ನಗು ನಿಂತಿತು. ಮೂರನೇ ಸಲಕ್ಕೆ, ಏನೂ ಇಲ್ಲದೆ ಯಾಕೆ ಬರುತ್ತಾರೆ ಎಂಬ ಮಾತು ಹುಟ್ಟಿತು.

ಕಾಡಸಿದ್ದಪ್ಪ ಹೇಳಿದ್ದು ಒಂದೇ ಮಾತು: ಚೀಲ ನನ್ನದು, ಜವಾಬು ನನ್ನದು. ಯಾರಿಗೆ ಕೊಟ್ಟಿದ್ದಿರಿ ಎಂದರೆ ಬಾಯಿ ಬಿಡಲಿಲ್ಲ. ಬೇಟೆಗಾರನನ್ನು ಹುಡುಕುತ್ತಿದ್ದ ಇಲಾಖೆಯವರಿಗೆ ಕೊಬ್ಬರಿ ಹೊರುವ ಗಾಡಿಯ ಮೇಲೆ ಅನುಮಾನವೇ ಬರಲಿಲ್ಲ.

ಗಂಗರಾಜು ದಿನಾ ಕಾದ. ಇವತ್ತು ನನ್ನ ಹೆಸರು ಹೇಳುತ್ತಾರೆ, ನಾಳೆ ಹೇಳುತ್ತಾರೆ, ಹೇಳಿಬಿಟ್ಟರೆ ಸಾಕಪ್ಪ ಅನ್ನಿಸುವವರೆಗೂ ಕಾದ. ಬದಲಿಗೆ ಫೋನು ಬಂತು. ಅರಣ್ಯದವರ ರೇಂಜ್ ಆಫೀಸಿಗೆ ಹೋಗಬೇಕು, ಬಸ್ಸಿನಲ್ಲಿ ಜನ ನೋಡುತ್ತಾರೆ, ಗಾಡಿ ತಗೊಂಡು ಬಾರಪ್ಪ ಎಂದು ಕಾಡಸಿದ್ದಪ್ಪನವರೇ ಮಾಡಿದ್ದರು.

ಹೀಗೆ ಏಳು ಸಲ. ಅದೇ ಗಾಡಿ, ಅದೇ ರಸ್ತೆ, ಪಕ್ಕದ ಸೀಟಿನಲ್ಲಿ ಅದೇ ಮುದುಕ, ಸೀಟಿನ ಹಿಂದೆ ಉಳಿದ ಇನ್ನೊಂದು ಖಾಲಿ ಚೀಲ. ಅದನ್ನು ತೆಗೆದೆಸೆಯಲು ಗಂಗರಾಜನಿಗೆ ಧೈರ್ಯವಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊದಲ ಸಲ ಆ ಲಂಟಾನ ಪೊದೆ ಹತ್ತಿರ ಬಂದಾಗ ಕಾಡಸಿದ್ದಪ್ಪ ಹೊರಗೆ ನೋಡುತ್ತಲೇ ಹೇಳಿದರು:

"ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗು ಕಣಪ್ಪ."

ಅಷ್ಟೇ. ಇವರಿಗೆ ಗೊತ್ತಿದೆ ಎಂದು ಗಂಗರಾಜನಿಗೆ ಆಗ ಹೊಳೆಯಿತು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಅವನ ಗಾಡಿ ಮೂವತ್ತು ದಾಟಲಿಲ್ಲ. ಮದುವೆ ಗಾಡಿ ಬಂತು ದಾರಿ ಬಿಡ್ರಪ್ಪ ಎಂದು ಡ್ರೈವರುಗಳು ಛೇಡಿಸಿದರು.

ನಾಲ್ಕನೇ ಸಲ ಧೈರ್ಯ ಮಾಡಿ ಆಫೀಸಿನ ಒಳಗೂ ಹೋದ. ಸಾಹೇಬರು ತಲೆಯೆತ್ತಿ ನೀನ್ಯಾರು ಎಂದರು. ಡ್ರೈವರ್ ಅಂದ. ಡ್ರೈವರಾದರೆ ಹೊರಗಿರು ಎಂದರು. ಹೊರಗೆ ಬಂದ. ಬರುವಾಗ ಎದೆ ಹಗುರಾಯಿತಲ್ಲ, ಅದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಕಾಡಸಿದ್ದಪ್ಪನವರ ಮಡದಿ ಗಿರಿಜಾಂಬಿಕಾ ಅವರ ಎದುರು ನಿಲ್ಲುವುದು. ಆಕೆಗೆ ಏನೂ ಗೊತ್ತಿರಲಿಲ್ಲ. ನೆಂಟರ ಮನೆಯ ಗೃಹಪ್ರವೇಶಕ್ಕೆ ಕರೆದಿರಲಿಲ್ಲ. ಆ ಮನೆಯಲ್ಲಿ ಏನೇನು ಬೇಯುತ್ತದೋ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಒಂದು ದಿನ ಇವನಿಗೆ ಕಾಯಿ ಹೋಳಿಗೆ ಬಡಿಸುತ್ತಾ ಕಣ್ಣೊರೆಸಿಕೊಂಡರು.

"ನಮ್ಮೋರು ಅಂತ ನೀನೊಬ್ಬ ಉಳ್ದಿದ್ದೀಯ ಕಣಪ್ಪ."

ಬೇಡವೆನ್ನಲಾಗದೆ ಎಲೆಯಲ್ಲಿದ್ದದ್ದೆಲ್ಲ ತಿಂದು ಎದ್ದ. ಆದರೂ ಹೇಳಲಿಲ್ಲ. ಬಾನೆಟ್ಟಿನ ಒಳಗೆ ಎದ್ದ ಹೊಂಗೆ ಗಿಡ ಅವನ ಕಣ್ಣಮುಂದೆ ಅಷ್ಟು ಎತ್ತರ ಬೆಳೆದಿತ್ತು.

ಶ್ರಾವಣದಲ್ಲಿ ಮತ್ತೊಂದು ಲೋಡು ಕೊಬ್ಬರಿ ಸಿದ್ಧವಾಯಿತು. ಬೆಳಿಗ್ಗೆ ಗಾಡಿ ಹಿಂದಕ್ಕೆ ತೆಗೆದು ನಿಲ್ಲಿಸಿ ಮೊದಲನೇ ಚೀಲಕ್ಕೆ ಕೈ ಹಾಕಿದವನು ಹಾಗೇ ನಿಂತ. ಚೀಲ ಬೋಳಾಗಿತ್ತು. ಎರಡನೆಯದೂ ಬೋಳು. ಇಪ್ಪತ್ತೆಂಟು ಚೀಲವನ್ನೂ ತಿರುಗಿಸಿ ನೋಡಿದ. ಒಂದರ ಮೇಲೂ ಗುರುತಿಲ್ಲ. ಅಚ್ಚು ಎಲ್ಲಿ ಯಜಮಾನ್ರೇ ಎಂದು ಕೇಳಿದ.

"ಬುಡು. ಜಿಂಕೆ ಚೀಲ ಬಂತು ಅಂತಾರೆ ಮಂಡೀಲಿ. ನಮ್ಮಪ್ಪನ ಗುರುತಿಗೆ ಆ ಮಾತು ಯಾಕೆ ಅನ್ನಿಸ್ಬೇಕು" ಎಂದರು ಕಾಡಸಿದ್ದಪ್ಪ, ಒಳಗೆ ಹೋದರು.

ಗಂಗರಾಜು ಹೇರಿದ. ತಿಪಟೂರಿಗೆ ಹೋಗಿ ಇಳಿಸಿದ. ಬೋಳು ಚೀಲ ಯಾರದೋ ಎಂದು ಕೊಳ್ಳುವವರು ಒಂದೊಂದನ್ನೂ ಬಿಚ್ಚಿ, ಮೂಸಿ, ಒಡೆದು ನೋಡಿದರು. ಆ ಕೊಬ್ಬರಿಯನ್ನು ಹಾಗೆ ನೋಡಿದ್ದನ್ನು ಹತ್ತೊಂಬತ್ತು ವರ್ಷದಲ್ಲಿ ಅವನು ಕಂಡಿರಲಿಲ್ಲ. ನಿಂತು ಪೂರ್ತಿ ನೋಡಿದ. ಆಮೇಲೆ ಖಾಲಿ ಗಾಡಿ ಹತ್ತಿ ನೇರ ರೇಂಜ್ ಆಫೀಸಿಗೆ ಓಡಿಸಿದ, ಸೀಟಿನ ಹಿಂದಿನ ಚೀಲ ತೆಗೆದುಕೊಂಡು ಒಳಗೆ ಹೋಗಿ ಮೇಜಿನ ಮೇಲಿಟ್ಟ. ಡ್ರೈವರಾದರೆ ಹೊರಗಿರು ಎಂದು ಸಾಹೇಬರು ಈ ಸಲವೂ ಹೇಳಿದರು. ಹೋಗಲಿಲ್ಲ.

"ಜೋಡಿ ಚೀಲ ಸ್ವಾಮಿ ಇದು. ಇನ್ನೊಂದನ್ನ ಜಿಂಕೆಗೆ ಹೊದಿಸ್ದೋನು ನಾನು. ಚೀಲ ಅವರದು, ಜವಾಬು ನಂದು."

ಎಲ್ಲ ಬರೆಸಿಕೊಂಡರು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರು. ಹೆದರಿಕೆ ಅಂದ. ಬಂಪರಿನ ಫೋಟೋ ತೆಗೆದರು, ಕೀ ಕೇಳಿದರು. ಗೊಂಚಲಿನಿಂದ ಮನೆ ಬೀಗದ ಕೈ ಬಿಡಿಸಿಕೊಂಡು ಉಳಿದದ್ದನ್ನು ಕೊಟ್ಟ. ಕೊಡುವ ಮೊದಲು ಗಾಡಿಯನ್ನು ಬೇವಿನ ಮರದ ಕೆಳಗೆ ತಾನೇ ಒಳ್ಳೆಯ ಜಾಗ ನೋಡಿ ನಿಲ್ಲಿಸಿದ್ದ. ಅವ್ವನ ಹೆಸರು ಗೋಡೆಯ ಕಡೆಗಿರದೆ ರಸ್ತೆಯ ಕಡೆಗಿರಲಿ ಎಂದು ಒಂದು ಸಲ ತಿರುಗಿಸಿಯೂ ನಿಲ್ಲಿಸಿದ್ದ.

ಬಸ್ಸಿಳಿದು ಕಾಡಸಿದ್ದಪ್ಪನವರ ಮನೆಗೆ ಬರುವಾಗ ಸಂಜೆಯಾಗಿತ್ತು. ಜಗಲಿಯಲ್ಲಿ ಯಜಮಾನರ ಜೊತೆ ಗಿರಿಜಾಂಬಿಕಾ ಅವರೂ ಇದ್ದರು. ಅವರಿಬ್ಬರ ಮುಂದೆಯೂ ಹೇಳಿದ. ಆಕೆ ಎದ್ದು ಒಳಗೆ ಹೋಗಿಬಿಟ್ಟರು, ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡರು. ಅದಕ್ಕೆ ಅವನು ತಯಾರಾಗಿಯೇ ಬಂದಿದ್ದ. ಕಾಡಸಿದ್ದಪ್ಪ ಒಂದೇ ಪ್ರಶ್ನೆ ಕೇಳಿದರು.

"ಬಾಯಿಗೆ ನೀರು ಬಿಟ್ಟೆಯೇನಪ್ಪ?"

"ಬಿಟ್ಟೆ ಯಜಮಾನ್ರೇ. ಒಂದು ಗುಟುಕು ಕುಡೀತು."

ಮುದುಕ ತಲೆಯಾಡಿಸಿದರು. ಎದ್ದುಹೋಗಿ ತಗಡಿನ ಅಚ್ಚು, ಬಣ್ಣದ ಡಬ್ಬಿ, ಒಂದು ಕಟ್ಟು ಹೊಸ ಚೀಲ ತಂದು ಅವನ ಮುಂದಿಟ್ಟರು. ಮುಂದಿನ ವಾರಕ್ಕೆ ಬೇಕು, ನೀನೇ ಹಾಕು ಎಂದರು. ಗಂಗರಾಜು ಜಗಲಿಯ ಕೆಳಗೆ ಕೂತು ಅಚ್ಚಿಟ್ಟು ಬಣ್ಣ ಬಳಿದ. ಅಭ್ಯಾಸವಿಲ್ಲದೆ ಮೊದಲನೆಯದು ಓರೆಯಾಯಿತು, ಸುತ್ತಿನ ಹೊರಗೆ ಕೆಂಪು ಹರಿಯಿತು. ಅದನ್ನು ಪಕ್ಕಕ್ಕೆ ತೆಗೆದಿಡಲು ಹೋದ. ಕಾಡಸಿದ್ದಪ್ಪ ಅದನ್ನು ಅವನ ಕೈಯಿಂದ ತೆಗೆದುಕೊಂಡು ಒಣಗಲು ಜಗಲಿಯ ಮೇಲೆ ಹರವಿದರು.