ತಣ್ಣಗಿದ್ದ ಕೇಬಲ್

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ರಾಂಪುರದಿಂದ ಒಬ್ಬ ಎಲೆಕ್ಟ್ರಿಷಿಯನ್ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಮದುವೆಗೆ ಬಂದವರಂತೆ ಬರುವರು. ಎಂಥ ಅವಸರವಿದ್ದರೂ ಮೊದಲು ಚಹಾ. ಕೇಳಿದರೆ, "ತಡೀರಿ ಸಾರ್, ಕರೆಂಟ್ ಎಲ್ಲಿಗೂ ಓಡಿಹೋಗಲ್ಲ" ಎನ್ನುವರು.

ಒಮ್ಮೆ ಮಿಲ್ಲಿಗೆ ಜೋಡಿಯಾಗಿ ಬರುವ ಎರಡು ಕೇಬಲ್‌ಗಳಲ್ಲಿ ಒಂದು ಕೈಯಿಡಲಾಗದಷ್ಟು ಬಿಸಿಯಾಯಿತು. ಇನ್ನೊಂದು ತಣ್ಣಗಿತ್ತು. ಬಿಸಿಯಾದದ್ದೇ ಕೆಟ್ಟಿದೆಯೆಂದು ತಿಳಿದು, ಅದನ್ನು ಬಿಚ್ಚಿಸಿ ಇನ್ನೊಂದರಲ್ಲೇ ಮಿಲ್ಲು ನಡೆಸಲು ಹೊರಟು ನಾನು ಅವರನ್ನು ಕರೆಸಿದೆ. ಅವರು ಚಹಾ ಮುಗಿಸಿ, ಎರಡಕ್ಕೂ ಮೀಟರ್ ಹಾಕಿ ನೋಡಿ ನಕ್ಕರು.

"ಬಿಸಿಯಾಗಿರೋದು ಪಾಪ, ಎರಡರ ಕೆಲಸ ಒಂದೇ ಮಾಡ್ತೈತೆ ಸಾರ್. ತಣ್ಣಗೈತಲ್ಲ, ಅದು ಮೈಗಳ್ಳ."

ಲೈನ್ ಆಫ್ ಮಾಡಿಸಿ ತಣ್ಣನೆಯ ಕೇಬಲ್ಲಿನ ಜೋಡಣೆ ಬಿಚ್ಚಿದರು. ನಟ್ಟು ಸಡಿಲಾಗಿ ತುದಿ ಕಪ್ಪಿಟ್ಟಿತ್ತು. ನಾನಂದುಕೊಂಡಂತೆ ಮಾಡಿದ್ದರೆ ಲೋಡೆಲ್ಲ ಆ ಸಡಿಲ ನಟ್ಟಿನ ಮೇಲೆ ಬಿದ್ದು, ಎಣ್ಣೆ ತುಂಬಿದ ಮಿಲ್ಲಿಗೆ ಬೆಂಕಿ ಹತ್ತುತ್ತಿತ್ತು.

ತುದಿ ಉಜ್ಜಿ, ನಟ್ಟು ಬಿಗಿದು ಚಾಲೂ ಮಾಡಿಸಿದಾಗ ಎರಡೂ ಕೇಬಲ್‌ಗಳು ಸಮನಾಗಿ ಲೋಡು ಎಳೆದವು. ಅಷ್ಟರಲ್ಲಿ ಮಾಲೀಕರು ಬಂದು ಏನಾಯಿತೆಂದು ಕೇಳಿದರು. ನಾನು ತಲೆ ತಗ್ಗಿಸಿದೆ.

"ಏನಿಲ್ರಿ, ಮ್ಯಾನೇಜರ್ ಸಾರು ಟೈಮಿಗೆ ಸರಿಯಾಗಿ ಕರೆಸಿದ್ರು, ಬಚಾವಾತು" ಎಂದು ಗಂಭೀರವಾಗಿ ಹೇಳಿದ ಆ ಮನುಷ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ.