ಯಾರನ್ನೂ ನಂಬದ ಬಾಯಾರು

ಅವರ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಬನಹಟ್ಟಿಯ ಮನೆಯಲ್ಲಿ ಚಿಕ್ಕವರಿದ್ದಾಗ ಮಗ್ಗದಿಂದ ಹಾರಿದ ಲಾಳಿ ಬಡಿದು, ಅಲ್ಲಿ ಕೂದಲು ಮತ್ತೆ ಬೆಳೆಯಲೇ ಇಲ್ಲವಂತೆ. ಉಳಿದ ಅರ್ಧ ಹುಬ್ಬು ಸದಾ ಮೇಲಕ್ಕೆ ಎತ್ತಿಯೇ ಇರುತ್ತಿತ್ತು. ಹಾಗಾಗಿ ಸುಮ್ಮನೆ ನೋಡಿದರೂ, ಕದ್ದು ಸಿಕ್ಕಿಬಿದ್ದವರನ್ನು ನೋಡಿದ ಹಾಗೆ ಕಾಣುತ್ತಿತ್ತು. ಆ ನೋಟದ ಎದುರು ಕೂತು ನಾನು ಕೆಲವು ವರ್ಷ ಕೆಲಸ ಮಾಡಿದೆ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುತ್ತಾರೆ. ಆದರೆ ಒಳ್ಳೆಯ ಮಾತಿನಿಂದ ಶುರು ಮಾಡಿದರೆ ಮೊದಲು ಬೈಯುವವರು ಅವರೇ.

ಮುಧೋಳದಿಂದ ಬೀಳಗಿ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಸಕ್ಕರೆ ಕಾರ್ಖಾನೆ ಇತ್ತು. ತೊಂಬತ್ತರ ದಶಕದ ಮಾತು. ನಾನು ತೇರದಾಳದವಳು, ಮುಧೋಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಆ ಕಾರ್ಖಾನೆಯ ಕಂಪ್ಯೂಟರ್ ಖೋಲಿಯಲ್ಲಿ ರೈತರ ಹೆಸರು, ಊರು, ಹೊಲದ ವಿವರ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದೆ. ಖೋಲಿಗೆ ಮುಖ್ಯಸ್ಥರು ಈ ಅರ್ಧ ಹುಬ್ಬಿನವರು. ಪುಣೆಯಲ್ಲಿ ಓದಿ ಬಂದಿದ್ದರು. ಕಬ್ಬಿನ ಗಾಡಿ ನಿಲ್ಲುವ ಯಾರ್ಡಿನ ಮಂದಿ ಓದಿದ ಹೆಂಗಸರನ್ನೆಲ್ಲ ಸಾಲಿ ಟೀಚರಂತೆ ‘ಬಾಯಾರು’ ಎಂದೇ ಕರೆಯುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ಮೊದಲ ದಿನವೇ ಬಾಯಾರು ನನಗೆ ಹೇಳಿದ್ದು ಇಷ್ಟು: “ನೀ ಎಷ್ಟು ಛಲೋ ಹುಡುಗಿ ಅನ್ನೂದು ನನಗ ಬ್ಯಾಡ. ನಿನ್ನ ಕೈ ಎಲ್ಲೆಲ್ಲಿ ಹೋಗಬಾರದು ಅನ್ನೂದಷ್ಟ ನಾ ನೋಡಾಕಿ.”

ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾ ಇತ್ತು. ಅದರಿಂದ ಒಂದು ತಂತಿ ನಮ್ಮ ಖೋಲಿಯ ದೊಡ್ಡ ಯಂತ್ರಕ್ಕೆ ಬರುತ್ತಿತ್ತು. ಅದರೊಳಗೆ ಹಗಲೂ ರಾತ್ರಿ ಓಡುವ ಒಂದು ಪ್ರೋಗ್ರಾಂ ತೂಕವನ್ನು ಓದಿ, ಫೈಲಿನಲ್ಲಿ ಬರೆದು, ರೈತನಿಗೆ ಚೀಟಿ ಛಾಪಿಸಿ ಕೊಡುತ್ತಿತ್ತು. ಬಾಯಾರು ಅದಕ್ಕೆ ‘ತೂಕದ ಸರ್ವಿಸ್’ ಅನ್ನುತ್ತಿದ್ದರು. ಅವರ ಜೀವವೆಲ್ಲ ಇದ್ದದ್ದು ಅದರ ಸುತ್ತ ಬೇಲಿ ಹಾಕುವುದರಲ್ಲಿ.

ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಫೈಲು ಯಾರದೋ ಅವರು ಅದನ್ನು ಬೇಕಾದವರಿಗೆ ಬಿಟ್ಟುಕೊಡಬಹುದು. ದೊಡ್ಡ ಪಾಸ್‌ವರ್ಡ್ ಇದ್ದವರಂತೂ ಏನನ್ನಾದರೂ ಮುಟ್ಟಬಹುದು. ಬಾಯಾರು ಈ ಎರಡನ್ನೂ ಕಿತ್ತುಹಾಕಿದರು. ಯಾವ ಪ್ರೋಗ್ರಾಂ ಯಾವ ಫೈಲನ್ನು ಓದಬಹುದು, ಯಾವುದಕ್ಕೆ ಬರೆಯಬಹುದು ಎಂದು ಸಾಲು ಸಾಲಾಗಿ ಕಟ್ಟಳೆ ಬರೆದರು. ಅದರಲ್ಲಿ ಬರೆಯದೆ ಇದ್ದದ್ದು ಯಾರಿಗೂ ಇಲ್ಲ. ತೂಕದ ಫೈಲಿಗೆ ತೂಕದ ಸರ್ವಿಸ್ ಮಾತ್ರ ಹೊಸ ಸಾಲು ಸೇರಿಸಬಹುದು. ಬರೆದದ್ದನ್ನು ಅದೂ ಅಳಿಸುವಂತಿಲ್ಲ. ನಾನು ಟೈಪ್ ಮಾಡುವ ಟರ್ಮಿನಲ್ಲಿಗೆ ಆ ಫೈಲು ಕಣ್ಣಿಗೂ ಬೀಳುತ್ತಿರಲಿಲ್ಲ. ದೊಡ್ಡ ಪಾಸ್‌ವರ್ಡ್ ಇದ್ದ ಬಾಯಾರಿಗೂ ಅದನ್ನು ತಿದ್ದಲು ಬರುತ್ತಿರಲಿಲ್ಲ. ಕಟ್ಟಳೆ ಬದಲಿಸಬೇಕೆಂದರೆ ಇಡೀ ಯಂತ್ರ ನಿಲ್ಲಿಸಿ, ಅವರ ಪಾಸ್‌ವರ್ಡಿನ ಜೊತೆಗೆ ಜನರಲ್ ಮ್ಯಾನೇಜರರದೂ ಹಾಕಬೇಕಿತ್ತು.

“ನಿಮಗ ನಿಮ್ಮ ಮ್ಯಾಲೂ ನಂಬಿಗಿ ಇಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ.

“ನನ್ನ ಮ್ಯಾಲ ಯಾಕ ಇರಬೇಕು? ನಾಳೆ ಯಾರರೆ ನನ್ನ ಕೊಳ್ಳ ಹಿಡಿದು ಹೇಳಿಸಿದ್ರ ನಾನೂ ತಿದ್ದತೇನಿ. ತಿದ್ದಾಕ ಬರೂದಿಲ್ಲ ಅಂದ್ರ ಯಾರು ಕೊಳ್ಳ ಹಿಡೀತಾರ?” ಎಂದರು. ಹಾಗೆಂದು ನಗಲಿಲ್ಲ. ನಗುವುದು ಅವರ ಕಟ್ಟಳೆಯಲ್ಲಿ ಬರೆದಿರಲಿಲ್ಲ ಎಂದು ನಾನು ಅತ್ತೆಯ ಮುಂದೆ ಹೇಳಿ ಸಿಟ್ಟು ತೀರಿಸಿಕೊಂಡೆ.

ಮೊದಮೊದಲು ಅವರು ಬೇಲಿಯನ್ನು ಕಾವಲಿಗೆ ಮಾತ್ರ ಬಿಟ್ಟಿದ್ದರು. ಯಂತ್ರ ಯಾರನ್ನೂ ತಡೆಯುತ್ತಿರಲಿಲ್ಲ, ‘ಇದು ಕಟ್ಟಳೆಯಲ್ಲಿಲ್ಲ’ ಎಂದು ಗುರುತು ಹಾಕಿಕೊಳ್ಳುತ್ತಿತ್ತು, ಅಷ್ಟೇ. ಬಾಯಾರು ದಿನಾ ಬೆಳಿಗ್ಗೆ ಆ ಗುರುತುಗಳನ್ನು ಓದಿ, ನ್ಯಾಯವಾದದ್ದಕ್ಕೆ ಅನುಮತಿ ಸೇರಿಸುತ್ತಿದ್ದರು. ಗುರುತುಗಳು ಬರುವುದು ನಿಂತ ಮೇಲೆ ಒಂದು ದಿನ, ಕಟ್ಟಳೆಯಲ್ಲಿ ಇಲ್ಲದ್ದನ್ನು ಯಂತ್ರ ತಡೆದೇಬಿಡುವಂತೆ ಬೇಲಿಯನ್ನು ಬಿಗಿ ಮಾಡಿದರು.

ಅದಾದ ವಾರದಲ್ಲೇ ಕಾಟಾ ನಿಂತಿತು.

ಕಬ್ಬು ಕಡಿಯುವ ಭರದ ದಿನಗಳು. ಯಾರ್ಡ್ ದಾಟಿ ರಸ್ತೆಯವರೆಗೆ ಗಾಡಿ, ಟ್ರ್ಯಾಕ್ಟರ್ ನಿಂತಿದ್ದವು. ಬಿಸಿಲಿಗೆ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಂದಿ ನಮ್ಮ ಖೋಲಿಯ ಹೊರಗೆ ಸೇರಿದರು. “ಹೊರಗ ಕಳಸ್ರಿ ಆ ಬಾಯೀನ!” ಎಂದು ಯಾರೋ ಕೂಗಿದರು. ಒಂದು ಕಲ್ಲು ಬಂದು ಕಿಟಕಿ ಒಡೆಯಿತು. ಗಾಜಿನ ಚೂರು ನನ್ನ ತಲೆಯ ಮೇಲೆ, ಮೇಜಿನ ಮೇಲೆ ಬಿದ್ದವು. ಬಾಯಾರು ತಿರುಗಿ ನನ್ನ ಕಡೆ ನೋಡಿದರು. “ಕೀಬೋರ್ಡ್ ಮ್ಯಾಲಿನ ಗಾಜು ಝಾಡಿಸಬೇ, ಒಳಗ ಹೋದೀತು” ಎಂದರು. ನನ್ನ ಹಣೆಯಿಂದ ರಕ್ತ ಇಳಿಯುತ್ತಿತ್ತು.

ಜನರಲ್ ಮ್ಯಾನೇಜರರು ಓಡಿ ಬಂದರು. “ಅದೇನ್ ಬೇಲಿ ಹಾಕೀರೋ ಎಲ್ಲಾ ತಗದ್ ಒಗೀರಿ! ಮಂದಿ ಬೆಂಕಿ ಹಚ್ಚತಾರ!”

“ಒಂದ ಬಾಗಲಾ ತೆರೀವಲ್ದು ಅಂತ ಮನೀ ಗ್ವಾಡಿ ಕೆಡವೂದೇನ್ರಿ?” ಬಾಯಾರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಯಾವ ಬಾಗಲಾ ಅಂತ ನೋಡಾಕತ್ತೇನಿ. ಸುಮ್ನಿರ್ರಿ.”

ಕಾರಣ ಸಿಕ್ಕಿತು. ಆವತ್ತು ಬೆಳಿಗ್ಗೆ ಚೀಟಿಯ ಪ್ರಿಂಟರ್ ಕೆಟ್ಟು, ಇನ್ನೊಂದನ್ನು ಬೇರೆ ಜಾಗಕ್ಕೆ ಜೋಡಿಸಿದ್ದರು. ಆ ಜಾಗವನ್ನು ಮುಟ್ಟಲು ತೂಕದ ಸರ್ವಿಸಿಗೆ ಅನುಮತಿ ಬರೆದಿರಲಿಲ್ಲ. ಮ್ಯಾನೇಜರರು ಬೆವರುತ್ತಲೇ ತಮ್ಮ ಪಾಸ್‌ವರ್ಡ್ ಹಾಕಿದರು. ಬಾಯಾರು ಒಂದು ಸಾಲು ಸೇರಿಸಿದರು. ಯಂತ್ರ ಎದ್ದಿತು, ಕಾಟಾ ನಡೆಯಿತು. ಆಮೇಲೆ ಅವರು ಹೊರಗೆ ಹೋಗಿ ಆ ಗುಂಪಿನ ಎದುರೇ ನಿಂತು, “ತಪ್ಪು ನಂದು. ಮೊದಲ ಬರೀಬೇಕಿತ್ತು, ಬರೀಲಿಲ್ಲ” ಎಂದು ಹೇಳಿ ಒಳಗೆ ಬಂದರು. ಬಂದವರು ಮೇಜಿನ ಮೇಲೆ ಉಳಿದ ಒಂದು ಗಾಜಿನ ಚೂರಿಗಾಗಿ ನನ್ನನ್ನು ಬೈದರು.

ಆ ಕಬ್ಬಿನ ಹಂಗಾಮಿನ ಕೊನೆಗೆ ನನ್ನ ಮೇಲೆ ಅಪವಾದ ಬಂತು.

ತುಬಚಿ ಕಡೆಯ ಕೆಲವು ರೈತರು ಬಂದು, ಕಾಟಾದ ಚೀಟಿಯಲ್ಲಿರುವ ತೂಕ ಒಂದು, ಬಿಲ್ಲಿನಲ್ಲಿರುವುದು ಇನ್ನೊಂದು ಎಂದು ಗಲಾಟೆ ಮಾಡಿದರು. ಬಿಲ್ಲಿನಲ್ಲಿ ಕಡಿಮೆ ಇತ್ತು. ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು, ಊರಲ್ಲಿ ದೊಡ್ಡ ಜಮೀನುದಾರರು, ಅಂದೇ ಸಂಜೆ ತೀರ್ಪು ಕೊಟ್ಟುಬಿಟ್ಟರು: ಟೈಪ್ ಮಾಡುವ ಹುಡುಗಿ ಅಂಕಿ ತಿದ್ದಿದ್ದಾಳೆ. ಮರುದಿನ ಗೆಸ್ಟ್‌ಹೌಸಿನಲ್ಲಿ ವಿಚಾರಣೆ, ಆಮೇಲೆ ಪೊಲೀಸ್ ಎಂದು ಹೇಳಿದರು. ಸುದ್ದಿ ನನಗಿಂತ ಮೊದಲು ತೇರದಾಳ ಮುಟ್ಟಿತ್ತು. ಬೆಳಿಗ್ಗೆ ನಾನು ಬಸ್ ಇಳಿದಾಗ ಅಪ್ಪ ಗೇಟಿನ ಹೊರಗೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಅವನನ್ನು ಒಳಗೆ ಬಿಟ್ಟಿರಲಿಲ್ಲ. “ನೀ ಮಾಡಿಲ್ಲಲ್ಲವಾ?” ಎಂದು ಕೇಳಿದ. ಅಪ್ಪನೂ ಕೇಳಿದನಲ್ಲ ಎಂದುಕೊಂಡು ಒಳಗೆ ಹೋದೆ.

ವಿಚಾರಣೆಯಲ್ಲಿ ನಾನು ಮಾತಾಡಲು ಹೋದಾಗಲೆಲ್ಲ ನಿರ್ದೇಶಕರು ಕೈ ಎತ್ತಿ ತಡೆದರು. ಕೊನೆಗೆ ಬಾಯಾರ ಕಡೆ ತಿರುಗಿದರು.

“ಏನ್ ಬಾಯಾರ, ಈ ಹುಡುಗಿ ಮ್ಯಾಲ ನಿಮಗ ನಂಬಿಗಿ ಐತೇನು?”

“ಇಲ್ಲರಿ” ಎಂದರು ಬಾಯಾರು.

ಮ್ಯಾನೇಜರರು ತಲೆ ತಗ್ಗಿಸಿದರು.

“ಇಕಿ ಮ್ಯಾಲ ನಂಬಿಗಿ ಇಲ್ಲ. ನಿಮ್ಮ ಮ್ಯಾಲೂ ಇಲ್ಲ. ಅದಕ್ಕ ಆ ಬೇಲಿ ಹಾಕಿದ್ದು. ತೂಕದ ಫೈಲ್ ಮುಟ್ಟಾಕ ಇಕಿಗೆ ಬರೂದಿಲ್ಲ. ನನಗೂ ಬರೂದಿಲ್ಲ. ಬರ್ರಿ, ನಿಮ್ಮ ಮನಶ್ಯಾನ್ನ ಕರಕೊಂಡ ಬರ್ರಿ. ನನ್ನ ದೊಡ್ಡ ಪಾಸ್‌ವರ್ಡ್ ಕೊಡತೇನಿ. ಒಂದ ಅಂಕಿ ತಿದ್ದಿ ತೋರಸ್ಲಿ.”

ಎಲ್ಲರೂ ಎದ್ದು ಖೋಲಿಗೆ ಬಂದರು. ನಿರ್ದೇಶಕರ ಮಗ ಬೆಳಗಾವಿಯಲ್ಲಿ ಕಂಪ್ಯೂಟರ್ ಕಲಿತಿದ್ದ, ಅವನನ್ನೇ ಕೂರಿಸಿದರು. ಅವನು ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದ. ಪ್ರತಿ ಸಲವೂ ಯಂತ್ರ ಅನುಮತಿ ಇಲ್ಲ ಎಂದೇ ಹೇಳಿತು.

“ಬೇಲಿ ಕಿತ್ತು, ತಿದ್ದಿ, ಮತ್ತ ಹಾಕಿದ್ರ?” ಎಂದರು ನಿರ್ದೇಶಕರು.

“ಅದಕ್ಕ ಯಂತ್ರ ನಿಲ್ಲಸಬೇಕು, ಮ್ಯಾನೇಜರ್ ಸಾಹೇಬ್ರ ಪಾಸ್‌ವರ್ಡ್ ಬೇಕು. ಯಂತ್ರ ನಿಂತ್ರ ಕಾಟಾ ನಿಲ್ಲತೈತಿ. ಬಿಗಿ ಮಾಡಿದ ಮ್ಯಾಲ ಕಾಟಾ ನಿಂತದ್ದು ಒಂದ ಸಲ. ಅವತ್ತು ಇಡೀ ಯಾರ್ಡ್ ಕಲ್ಲು ಹಿಡಕೊಂಡು ನಮ್ಮ ಕಿಡಕ್ಯಾಗ ನೋಡಾಕತ್ತಿತ್ತು.”

ಆಮೇಲೆ ಅವರು ರೈತರ ಚೀಟಿಗಳನ್ನು ತರಿಸಿ ತೂಕದ ಫೈಲಿನೊಂದಿಗೆ ಒಂದೊಂದಾಗಿ ಓದಿಸಿದರು. ಎಲ್ಲವೂ ತಾಳೆಯಾದವು. ನಮ್ಮಲ್ಲಿಂದ ತೂಕ ತೆಗೆದುಕೊಂಡು ಬಿಲ್ಲು ಮಾಡುವ ಕಂಪ್ಯೂಟರ್ ಮಾತ್ರ ಬೇರೆ ಕಡೆ, ಲೆಕ್ಕದ ಖೋಲಿಯಲ್ಲಿತ್ತು. ಅದಕ್ಕೆ ಯಾವ ಬೇಲಿಯೂ ಇರಲಿಲ್ಲ. ಅಲ್ಲಿ ಕೂರುತ್ತಿದ್ದವನು ನಿರ್ದೇಶಕರ ಬೀಗರ ಪೈಕಿ.

“ಹಂಗಾದ್ರ ಯಾರು ತಿದ್ದಿದ್ರು?” ಮ್ಯಾನೇಜರರು ಮೆಲ್ಲಗೆ ಕೇಳಿದರು.

“ಎಲ್ಲಿ ತಿದ್ಯಾರ ಅಂತ ನನಗ ಗೊತ್ತಿಲ್ಲ. ಎಲ್ಲಿ ತಿದ್ದಿಲ್ಲ ಅಂತ ಗೊತ್ತೈತಿ” ಎಂದರು ಬಾಯಾರು.

ಪೊಲೀಸರು ಬರಲಿಲ್ಲ. ರೈತರಿಗೆ ಸದ್ದಿಲ್ಲದೆ ಬಿಲ್ಲು ಸರಿ ಮಾಡಿ ಕೊಟ್ಟರು. ಲೆಕ್ಕದ ಖೋಲಿಯವನ ಕೂದಲೂ ಕೊಂಕಲಿಲ್ಲ. ಅಪ್ಪ ಗೇಟಿನಾಚೆ ಟೊಪ್ಪಿಗೆ ಹಾಕಿಕೊಂಡು ನನ್ನನ್ನು ನೋಡಿ ಬಸ್ ಹತ್ತಿದ.

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಖೋಲಿಗೆ ಹೋಗಿ ಕೇಳಿಯೇಬಿಟ್ಟೆ: “ಇಕಿ ಅಂಥಾಕಿ ಅಲ್ಲ ಅಂತ ಒಂದ ಮಾತು ಅಂದಿದ್ರ ನಿಮ್ಮ ಗಂಟೇನು ಹೋಗತಿತ್ತರಿ?”

“ಅಂದಿದ್ರ, ನಾನೂ ನಿನ್ನ ಕೂಡ ಶಾಮೀಲು ಅಂತಿದ್ರು. ಛಲೋ ಮಾತು ಆಡಾವ್ರು ಊರ ತುಂಬ ಅದಾರ. ಅವರಿಂದ ನೀ ಇವತ್ತು ಉಳೀತಿದ್ದೇನು?” ಅರ್ಧ ಹುಬ್ಬು ಇನ್ನೂ ಮೇಲೇರಿತು. “ಹೋಗು. ಟರ್ಮಿನಲ್ ಚಾಲೂ ಬಿಟ್ಟು ಬಂದೀದಿ.”

ಮುಂದಿನ ಹಂಗಾಮಿಗೆ ಬಾಯಾರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವರ ಜಾಗಕ್ಕೆ ಬಂದವರು ಬಹಳ ನಗುಮುಖದವರು, ನನ್ನನ್ನು ‘ತಂಗಿ’ ಎಂದು ಕರೆಯುತ್ತಿದ್ದರು. ಬಂದ ದಿನವೇ ಬೇಲಿಯನ್ನೆಲ್ಲ ತೆಗೆದರು. “ಎಲ್ಲಾರೂ ನಮ್ಮವರ ಇದ್ದಾಗ ಇದೆಲ್ಲಾ ಯಾಕ ಬೇಕವಾ?” ಎಂದರು. ನಾನು ಟರ್ಮಿನಲ್ ಮುಂದೆ ಕೂತು ನೋಡಿದೆ. ತೂಕದ ಫೈಲು ಮೊದಲ ಸಲ ನನ್ನ ಪರದೆಯ ಮೇಲೆ ಕಂಡಿತು. ಯಾವ ಅಂಕಿಯ ಮೇಲೆ ಬೇಕಾದರೂ ಬೆರಳಿಡಬಹುದಿತ್ತು. ಕೀಬೋರ್ಡಿನಿಂದ ಕೈ ತೆಗೆದೆ. “ಸರ್, ನನ್ನ ಟರ್ಮಿನಲ್ಲಿಗಷ್ಟರೆ ಮೊದಲಿನಂಗ ಬಂದ್ ಮಾಡಿ ಕೊಡ್ರಿ” ಎಂದು ಬೇಡಿಕೊಂಡೆ. ಅವರು ನಕ್ಕರು. ಆ ತಿಂಗಳೇ ನಾನು ಕೆಲಸ ಬಿಟ್ಟು ತೇರದಾಳಕ್ಕೆ ಹೋದೆ. ಒಂದು ಹೈಸ್ಕೂಲಿನ ಆಫೀಸು ಸೇರಿದೆ.

ಕೆಲವು ವರ್ಷಗಳ ಮೇಲೆ ಬನಹಟ್ಟಿಯಿಂದ ಬಂದವರೊಬ್ಬರು, ಬಾಯಾರು ಜ್ವರ ಬಂದು ತೀರಿಕೊಂಡರು ಎಂದು ಹೇಳಿದರು. ಹೋಗಬೇಕೆಂದು ಅನ್ನಿಸಲಿಲ್ಲ. ಆದರೂ ಹೋದೆ. ಗಲ್ಲಿ ತುಂಬ ಮಗ್ಗಗಳ ಖಟಖಟ ಸದ್ದು, ಅವರ ಮನೆಯ ಮಗ್ಗ ಮಾತ್ರ ನಿಂತಿತ್ತು. ಅವರ ತಾಯಿ ಗೋಡೆಗೆ ಒರಗಿ ಕೂತಿದ್ದರು. ಗುರುತು ಸಿಗದೆ ನನ್ನ ಮುಖ ನೋಡಿದರು.

“ನೀ ಯಾರವಾ? ಆಕಿ ನಿನಗೇನಾಗಬೇಕಿತ್ತು?”

“ನಮ್ಮ ಸಾಹೇಬ್ರು ಇದ್ರರಿ ಅವ್ವಾರ. ಫ್ಯಾಕ್ಟರ್‍ಯಾಗ.”

“ಬೈತಿದ್ಳೇನು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೂಂರಿ. ದಿನಾ ಬೈತಿದ್ರು.”

ಮುದುಕಿಯ ಮುಖ ಸಡಿಲಾಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಪಕ್ಕದ ಚಾಪೆಯನ್ನು ನನ್ನ ಕಡೆ ಸರಿಸಿದರು.

“ಹಂಗಾದ್ರ ಖರೇನ ನೀ ಆಕೀನ ಬಲ್ಲಿ. ಮುಂಜಾನಿಂದ ಬಂದಾವ್ರೆಲ್ಲಾ ಬರೇ ಛಲೋ ಇದ್ಳು, ಛಲೋ ಇದ್ಳು ಅಂತ ಹೇಳಿ ಹೋಗ್ಯಾರ. ಕುಂಡ್ರವಾ, ಕುಂಡ್ರು.”

ಕೂತೆ.