ಪ್ರಭಾಕರ ಅಂಕಲ್ ಅವರ ಮೋಟೆಲಿಗೆ ಕೊಳೆ ಬಳಿದದ್ದು

ಹೋದ ತಿಂಗಳು ಒಂದು ಭಾನುವಾರ ಮಗಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಯಾವುದೋ ಥ್ರಿಲ್ಲರ್ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಪರದೆಯ ಮೇಲೆ ಯಾರಿಂದಲೋ ತಪ್ಪಿಸಿಕೊಂಡು ಓಡುತ್ತಿದ್ದ ಹುಡುಗಿಯೊಬ್ಬಳು ಕಾರು ನಿಲ್ಲಿಸಿದಳು. ಎದುರಿಗೊಂದು ಮೋಟೆಲು, ಅದರ ಬೋರ್ಡಿನ ದೀಪ ಸಾಯಲೋ ಬದುಕಲೋ ಎಂದು ಮಿಣುಕುತ್ತಿತ್ತು. "ಡೋಂಟ್ ಗೋ ಇನ್, ಇಟ್ಸ್ ಎ ಮೋಟೆಲ್," ಎಂದಳು ಮಗಳು. ಆ ಹುಡುಗಿ ಒಳಗೆ ಹೋದಳು. ಹೋಗದೆ ಇರುವಂತಿಲ್ಲ, ಹೋಗದಿದ್ದರೆ ಉಳಿದ ಒಂದು ಗಂಟೆ ಏನು ತೋರಿಸುತ್ತಾರೆ? ನನಗೆ ಮಾತ್ರ ಆ ದೀಪ ನೋಡಿ ಪ್ರಭಾಕರ ಅಂಕಲ್ ನೆನಪಾದರು. ಅವರು ಬದುಕಿದ್ದಿದ್ದರೆ ಮಗಳಿಗೆ ಅಲ್ಲೇ ಒಂದು ಭಾಷಣ ಬಿಗಿಯುತ್ತಿದ್ದರು.

ನೀವೂ ಗಮನಿಸಿರುತ್ತೀರಿ, ಅಮೆರಿಕದ ಸಿನಿಮಾಗಳಲ್ಲಿ ಪ್ರತಿ ಜಾಗಕ್ಕೂ ಮೊದಲೇ ಜಾತಕ ಬರೆದಿರುತ್ತದೆ. ಮ್ಯಾನ್‌ಹ್ಯಾಟನ್ ಎಂದರೆ ಪ್ರೇಮ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೂ ಅಲ್ಲಿ ಮದುವೆ ಛತ್ರದಷ್ಟು ದೊಡ್ಡ ಅಪಾರ್ಟ್‌ಮೆಂಟ್ ಇರುತ್ತದೆ. ಅವಳನ್ನು ನೋಡಲು ಬಂದವನಿಗೆ ಬಾಗಿಲೆದುರೇ ಪಾರ್ಕಿಂಗ್ ಸಿಗುತ್ತದೆ. ನಾನು ಆ ಊರಿಗೆ ವರ್ಷಗಟ್ಟಲೆ ಕಮ್ಯೂಟ್ ಮಾಡಿದವನು. ಬಾಗಿಲೆದುರು ಪಾರ್ಕಿಂಗ್ ಸಿಕ್ಕ ಪುಣ್ಯಾತ್ಮನನ್ನು ಇನ್ನೂ ಕಂಡಿಲ್ಲ. ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಪ್ರೇಮ ಮುಗಿದು ಹೆಣ ಹೂಳುವ ಕೆಲಸ ಶುರು. ಸಬರ್ಬ್ ಆದರೆ ಹುಲ್ಲು ಹಸಿರಾಗಿದ್ದಷ್ಟೂ ಗಂಡಹೆಂಡಿರ ನಡುವೆ ಏನೋ ಸರಿಯಿಲ್ಲ ಎಂದರ್ಥ. ರಾತ್ರಿಯ ರಸ್ತೆ ಮಳೆ ಬಾರದಿದ್ದರೂ ಒದ್ದೆಯಾಗಿಯೇ ಇರಬೇಕು. ಇನ್ನು ಮೋಟೆಲಿಗೆ ಕೊಲೆಗಾರರು, ಕೊಲೆಯಾಗುವವರು ಮತ್ತು ಇನ್ನೊಬ್ಬರ ಹೆಂಡತಿಯ ಜೊತೆ ಬಂದವರು ಬಿಟ್ಟರೆ ಬೇರೆ ನರಪಿಳ್ಳೆ ಕಾಲಿಡುವುದಿಲ್ಲ. ಇದಕ್ಕೆಲ್ಲ ಜಾನರ್ ಎನ್ನುತ್ತಾರೆ, ಸ್ಟೈಲ್ ಎನ್ನುತ್ತಾರೆ ಎಂದು ಅಂಕಲ್ ಇದ್ದ ಕಾಲದಲ್ಲಿ ನಾನು ಸಿಕ್ಕಸಿಕ್ಕವರಿಗೆ ವಿವರಿಸುತ್ತಿದ್ದೆ. ಮೆಟುಚೆನ್ ಲೈಬ್ರರಿಯಿಂದ ಸಿನಿಮಾ ಕುರಿತ ಎರಡು ದಪ್ಪ ಪುಸ್ತಕ ತಂದು, ಒಂದನ್ನು ಅರ್ಧ ಓದಿದ್ದೆ. ಅಷ್ಟು ಓದಿದವನ ಹಾವಳಿ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಪ್ರಭಾಕರ ಅಂಕಲ್, ಸುಮತಿ ಆಂಟಿ ಉಡುಪಿ ಕಡೆಯವರು. ಐಸೆಲಿನ್‌ನಿಂದ ಸ್ವಲ್ಪ ದೂರದಲ್ಲಿ, ರೂಟ್ ಒನ್ ಹೆದ್ದಾರಿಯ ಪಕ್ಕ ಅವರದೊಂದು ಮೋಟೆಲು. ಒಂದೇ ಅಂತಸ್ತು, ಕೋಣೆಗಳ ಬಾಗಿಲು ನೇರ ಪಾರ್ಕಿಂಗಿಗೆ ತೆರೆಯುತ್ತಿದ್ದವು. ಅಂಕಲ್ ಆಫೀಸಿನ ಕೌಂಟರಿನಲ್ಲಿ, ಆಂಟಿ ಕೋಣೆಗಳಲ್ಲಿ. ಸಹಾಯಕ್ಕೆ ಜನ ಇದ್ದರೂ ಆಂಟಿಗೆ ಬೇರೆಯವರು ಒರೆಸಿದ್ದು ಒರೆಸಿದಂತೆ ಅಲ್ಲ. ಬೆಳಕು ಹರಿಯುವ ಮೊದಲೇ ತಳ್ಳುಗಾಡಿಯಲ್ಲಿ ಬಕೆಟ್ಟು, ಬಟ್ಟೆ ಹೇರಿಕೊಂಡು ಹೊರಡುತ್ತಿದ್ದರು. ಅವರು ಮುಗಿಸಿದ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಲು ನನಗೇ ಮುಜುಗರವಾಗುತ್ತಿತ್ತು.

ಶನಿವಾರ ನನ್ನ ಹೆಂಡತಿ ಓಕ್ ಟ್ರೀ ರೋಡಿನ ನಮ್ಮವರ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಸೀರೆಯವರೆಗೆ ವಿಚಾರಿಸಿ ಬರುವ ತನಕ ನಾನು ಮೋಟೆಲಿನ ಆಫೀಸಿನಲ್ಲಿ ಅಂಕಲ್ ಜೊತೆ ಸಿನಿಮಾ ನೋಡುತ್ತಿದ್ದೆ. ಗಿರಾಕಿಗಳು ಮರೆತು ಹೋದ ಕಾದಂಬರಿಗಳಿಗೆಂದೇ ಅವರು ಒಂದು ಕಪಾಟು ಇಟ್ಟಿದ್ದರು. ಸೇಲ್ಸ್‌ನವರು ಬಿಟ್ಟುಹೋದದ್ದು ಲಾಯರುಗಳ ಕಥೆ, ಮುದುಕಿಯರು ಬಿಟ್ಟುಹೋದದ್ದು ರಕ್ತ ಹರಿಯುವ ಪತ್ತೇದಾರಿ. ಅಂಕಲ್ ಎಲ್ಲವನ್ನೂ ಓದುತ್ತಿದ್ದರು, ಓದಿ ಉರಿದುಬೀಳುತ್ತಿದ್ದರು. ಯಾವ ಪುಸ್ತಕ ತೆಗೆದರೂ ಮೋಟೆಲಿನವನು ಟೀವಿಯಿಂದ ಕಣ್ಣು ತೆಗೆಯದೆ ಕೀ ಬಿಸಾಡುತ್ತಾನಂತೆ. "ನಾನು ಒಬ್ಬ ಗಿರಾಕಿ ಬಂದಾಗಲಾದರೂ ಎದ್ದು ನಿಲ್ಲದೆ ಇದ್ದದ್ದುಂಟಾ? ಬರೆಯುವವ ಒಂದು ಸಲ ಬಂದು ನೋಡಬಾರದಾ ಮಾರಾಯ?" ಎಂದು ನನ್ನನ್ನು ಕೇಳುತ್ತಿದ್ದರು, ಬರೆದವನು ನಾನೇ ಎಂಬಂತೆ. ಅವರು ಎದ್ದು ನಿಲ್ಲುತ್ತಿದ್ದುದು ನಿಜ. ನಗುತ್ತಲೂ ಇದ್ದರು, ಮದುವೆ ಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯ ಹಾಗೆ.

ಆಮೇಲೆ ಬ್ಯಾಂಕುಗಳು ಮಗುಚಿಕೊಂಡವು. ನಮ್ಮ ಆಫೀಸಿನಲ್ಲಿ ಸೋಮವಾರ ಇದ್ದ ಮುಖ ಶುಕ್ರವಾರ ಇರುತ್ತಿರಲಿಲ್ಲ. ಕಂಪನಿಗಳು ಸೇಲ್ಸ್‌ನವರನ್ನು ಊರೂರಿಗೆ ಕಳಿಸುವುದು ನಿಲ್ಲಿಸಿದ ಮೇಲೆ ಅಂಕಲ್ ಕೋಣೆಗಳು ಖಾಲಿ ಬಿದ್ದವು. ಬೋರ್ಡಿನಲ್ಲಿ 'ವೇಕೆನ್ಸಿ' ಎಂಬುದರ ಹಿಂದೆ ಕೋಣೆಗಳೆಲ್ಲ ತುಂಬಿದಾಗ ಹೊತ್ತಿಸಲು 'ನೋ' ಎಂಬ ಇನ್ನೊಂದು ದೀಪವಿತ್ತು. ಆ ವರ್ಷ ಅದನ್ನು ಹೊತ್ತಿಸುವ ಸಂದರ್ಭವೇ ಬರಲಿಲ್ಲ. ಚಳಿಗಾಲ ದಾಟುವಷ್ಟು ಏನಾದರೂ ಒದಗದಿದ್ದರೆ ಮೋಟೆಲು ಬ್ಯಾಂಕಿನ ಪಾಲು ಎಂದು ಅಂಕಲ್ ಒಂದು ದಿನ ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. ಆಂಟಿ ಖಾಲಿ ಕೋಣೆಗಳನ್ನು ದಿನವೂ ಒರೆಸುತ್ತಲೇ ಇದ್ದರು.

ಹೀಗಿರುವಾಗ ಕಪ್ಪು ಬಟ್ಟೆಯ ಸಪೂರ ಮನುಷ್ಯನೊಬ್ಬ ಬಂದು, ಬೆರಳುಗಳಿಂದ ಚೌಕಟ್ಟು ಮಾಡಿಕೊಂಡು ಪಾರ್ಕಿಂಗಿನಲ್ಲಿ ಸುತ್ತಾಡಿದ. ಸಿನಿಮಾಕ್ಕೆ ಜಾಗ ಹುಡುಕುವವನಂತೆ. ಬಾಗಿಲುಗಳ ಸಾಲು, ಬೋರ್ಡು, ಹಿಂದಿನ ಗೋಡೆ, ಎಲ್ಲವೂ ಪರ್ಫೆಕ್ಟ್ ಎಂದ. ಅಂಕಲ್ ಮುಖ ಊರಗಲವಾಯಿತು. ಒಂದೇ ತೊಂದರೆ, ಜಾಗ ತೀರಾ ಕ್ಲೀನಾಗಿದೆ ಎಂದ. ಗೋಡೆಗೆ ಕಲೆ ಬೇಕು, ಸೀಲಿಂಗಿಗೆ ನೀರು ಸೋರಿದ ಗುರುತು ಬೇಕು, ಬೋರ್ಡಿನ ದೀಪ ಮಿಣುಕಬೇಕು. ಕೋಣೆಯೊಳಗೆ ಒಂದು ಕೊಲೆಯೂ ಆಗಬೇಕು. ಅಷ್ಟು ಒಪ್ಪಿದರೆ ಅವರು ಕೊಡುವ ಬಾಡಿಗೆಯಲ್ಲಿ ಚಳಿಗಾಲ ದಾಟಬಹುದಿತ್ತು.

ಆಂಟಿ ಸುತರಾಂ ಆಗದು ಎಂದರು. ಸ್ವಚ್ಛ ಎಂಬ ಹೆಸರೊಂದೇ ತಾವು ಈ ದೇಶದಲ್ಲಿ ಸಂಪಾದಿಸಿದ್ದು, ಅದನ್ನೇ ಊರಿಗೆಲ್ಲ ಕೊಳಕು ಎಂದು ತೋರಿಸುವುದಾದರೆ ಬ್ಯಾಂಕಿಗೇ ಕೊಡಿ ಎಂದರು. ನಾನು ಸುಮ್ಮನಿರಬಹುದಿತ್ತು, ಆದರೆ ಅರ್ಧ ಓದಿದ ಪುಸ್ತಕ ಸುಮ್ಮನಿರಲು ಬಿಡಬೇಕಲ್ಲ. ಇದು ನಿಮ್ಮ ಮೋಟೆಲಿನ ಕೊಳೆಯಲ್ಲ ಆಂಟಿ, ಇದು ಸ್ಟೈಲು, ಆ ಗೋಡೆಯ ಕಲೆ ಕೊಲೆಗಾರನ ಮನಸ್ಸನ್ನು ತೋರಿಸುತ್ತದೆ ಎಂದು ಶುರುಮಾಡಿದೆ.

"ಅವನ ಮನಸ್ಸು ಕೊಳಕಾದರೆ ಅವನ ಮನೆ ಗೋಡೆಗೆ ಬಳಿಯಲಿ. ನಮ್ಮ ಗೋಡೆಗೆ ಯಾಕೆ?" ಎಂದರು ಆಂಟಿ.

ನಾನು ಪುಸ್ತಕದ ಓದದೆ ಉಳಿದ ಅರ್ಧದಿಂದ ಉತ್ತರ ಹೇಳಲು ಹೊರಟೆ. ಕೊನೆಗೆ ಅಂಕಲ್ ಮೆಲ್ಲಗೆ ಹೇಳಿದರು, "ಸುಮತಿ, ಕೊಳೆಯಾದರೆ ತೊಳೀಲಿಕ್ಕೆ ಆಗ್ತದೆ. ಮೋಟೆಲೇ ಹೋದರೆ ಎಂತ ತೊಳೀತಿ?" ಆಂಟಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಬಂದು, ಹೆಣ ಹಾಸಿಗೆ ಮೇಲೆ ಬೀಳಬಾರದು, ಬಚ್ಚಲಲ್ಲಿ ಬೀಳಲಿ, ಅಲ್ಲಾದರೆ ನೀರು ಹೊಯ್ಯಬಹುದು ಎಂದರು. ಸಿನಿಮಾದವರು ಅದಕ್ಕೆ ಸಂತೋಷದಿಂದ ಒಪ್ಪಿದರು. ಅವರಿಗೆ ಬಚ್ಚಲೇ ಬೇಕಾಗಿತ್ತಂತೆ.

ಶೂಟಿಂಗಿನ ಹಿಂದಿನ ದಿನ ನಾಲ್ಕೈದು ಹುಡುಗ ಹುಡುಗಿಯರು ಡಬ್ಬಿಗಳಲ್ಲಿ ಕೊಳೆ ತಂದರು. ಅಮೆರಿಕದಲ್ಲಿ ಕೊಳೆಯೂ ಡಬ್ಬಿಯಲ್ಲಿ ಸಿಗುತ್ತದೆ ಎಂದು ನಮಗೆ ಅಂದೇ ಗೊತ್ತಾದದ್ದು. ಸ್ಪಾಂಜಿನಿಂದ ಗೋಡೆಗೆ ಕಂದು, ಕಿಟಕಿಗೆ ಬೂದು, ಕನ್ನಡಿಗೆ ಜಿಡ್ಡು. ಬಚ್ಚಲಿನ ಮೂಲೆಗಳಿಗೆ ಬೂಷ್ಟು ಬರೆದ ಹುಡುಗಿ ದೂರ ನಿಂತು ತಲೆ ವಾಲಿಸಿ ನೋಡಿ, ಇನ್ನಷ್ಟು ಬರೆದಳು. ಸಂಜೆಯವರೆಗೆ ದುಡಿದು, ತಮ್ಮ ಕೆಲಸಕ್ಕೆ ತಾವೇ ಮೆಚ್ಚಿ, ಬಾಗಿಲು ಹಾಕಿಕೊಂಡು ಹೋದರು.

ಮರುದಿನ ಶೂಟಿಂಗ್ ನೋಡಲೆಂದು ನಾನು ರಜೆ ಹಾಕಿ ಬೆಳಿಗ್ಗೆಯೇ ಹೋದೆ. ನಿರ್ದೇಶಕ ಕೋಣೆಯ ನಡುವೆ ನಿಂತಿದ್ದ. ಗೋಡೆ ಹಾಲಿನಷ್ಟು ಬೆಳ್ಳಗಿತ್ತು, ಕನ್ನಡಿಯಲ್ಲಿ ಅವನ ಪೆಚ್ಚುಮೋರೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಚ್ಚಲು ಘಮಘಮಿಸುತ್ತಿತ್ತು. ಬೂಷ್ಟು ಬರೆದ ಹುಡುಗಿ ಅಳುವುದರಲ್ಲಿದ್ದಳು. ಆಂಟಿ ಬಾಗಿಲ ಹೊರಗೆ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದರು. "ಕನ್ನಡಿ ಒಂದು ಒರೆಸಿ ಬರುವ ಅಂತ ಹೋದೆ ಮಾರಾಯ," ಎಂದರು ನನಗೆ. "ಕನ್ನಡಿ ಚೊಕ್ಕ ಆದ ಮೇಲೆ ಉಳಿದದ್ದು ನೋಡ್ಲಿಕ್ಕೆ ಆಗ್ಲಿಲ್ಲ."

ಅವರು ಬೇಕೆಂದೇ ಮಾಡಿದರೋ, ಕೈ ತಾನಾಗಿ ಮಾಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಕಲ್ ಮುಖ ಬಿಳಿಚಿಕೊಂಡಿತ್ತು. ಸಿನಿಮಾದವರು ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಮೋಟೆಲು ಹೋಯಿತು. ಪುಣ್ಯಕ್ಕೆ ಅವರಿಗೂ ಬೇರೆ ಜಾಗ ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಮತ್ತೆ ಡಬ್ಬಿಗಳು ಬಂದವು, ಮತ್ತೆ ಬಳಿದರು. ಅಷ್ಟು ಹೊತ್ತೂ ಅವರಲ್ಲೊಬ್ಬಳು ಆಂಟಿಯನ್ನು ಆಫೀಸಿನಲ್ಲಿ ಕೂರಿಸಿಕೊಂಡು ಕಾವಲು ಕಾದಳು.

ಬೆಳಗಿನ ಹೊತ್ತೆಲ್ಲ ಹೀಗೆ ಕೊಳೆಯ ಪಾಲಾಯಿತು. ಉಳಿದ ಹೊತ್ತಿನಲ್ಲಿ ಎಲ್ಲಕ್ಕೂ ಅವಸರ. ಮೋಟೆಲಿನವನ ಪಾತ್ರವನ್ನು ಅಂಕಲ್‌ಗೇ ಕೊಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಮನುಷ್ಯನಿಗೆ ಕಲೆಯಾದ ಬನಿಯನ್ ಹಾಕಿಸಿದರು. ಏಳಬೇಡಿ, ನಗಬೇಡಿ, ಕೊಲೆಗಾರನಿಗೆ ಕೀ ಕೊಡಿ, ಅಷ್ಟೇ ಎಂದು ನಿರ್ದೇಶಕ ಹೇಳಿಕೊಟ್ಟ. ಅಂಕಲ್ ಏಳಲಿಲ್ಲ, ಅದಕ್ಕೆ ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಮುಖ ಗಂಟಿಕ್ಕಿಯೇ ಕೀ ಚಾಚಿದರು. ಕೀ ಅವನ ಕೈಗೆ ಸೇರಿದ ಕ್ಷಣದಲ್ಲಿ, ಅಭ್ಯಾಸ ಬಿಡಬೇಕಲ್ಲ, ನಕ್ಕುಬಿಟ್ಟರು. ನಿರ್ದೇಶಕ ಗಡಿಯಾರ ನೋಡಿದ, ಆಕಾಶ ನೋಡಿದ, ಇನ್ನೊಮ್ಮೆ ತೆಗೆಯುವಷ್ಟು ಬೆಳಕಿಲ್ಲವೆಂದು ಮುಂದಿನ ದೃಶ್ಯಕ್ಕೆ ಹೋದ.

ಸಿನಿಮಾ ಬಂದಾಗ ನಾವೆಲ್ಲ ಹೋಗಿ ನೋಡಿದೆವು. ಮೋಟೆಲು ಇದ್ದದ್ದು ಅರಿಜೋನಾದ ಮರುಭೂಮಿಯಲ್ಲಂತೆ, ನ್ಯೂಜೆರ್ಸಿಗೆ ಆ ಅಪಕೀರ್ತಿಯನ್ನೂ ಕೊಡಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು ಇಂಥ ಕಡೆ ಯಾರು ತಂಗುತ್ತಾರೆ ಎಂದು ಅಸಹ್ಯಪಟ್ಟಳು. ಆಂಟಿ ತಿರುಗಿ, "ವೆರಿ ಕ್ಲೀನ್ ಪ್ಲೇಸ್. ಐ ಓನ್ಲಿ ಕ್ಲೀನ್," ಎಂದು ಹೇಳಿಯೇ ಮುಂದೆ ನೋಡಿದ್ದು.

ಆ ಚಳಿಗಾಲ ದಾಟಿತು, ಇನ್ನೂ ಕೆಲವು ಚಳಿಗಾಲಗಳು ದಾಟಿದವು. ಅಂಕಲ್ ತೀರಿಕೊಂಡ ಮೇಲೆ ಆಂಟಿ ಮೋಟೆಲು ಮಾರಿದರು. ಈಗ ಆ ಜಾಗದಲ್ಲಿ ಜನ ತಮಗೆ ಬೇಡವಾದ ಸಾಮಾನು ತುಂಬಿಡುವ ಗೋದಾಮಿದೆ.

ಮಗಳ ಥ್ರಿಲ್ಲರ್ ನೋಡಿದ ಮೇಲೆ ಮನಸ್ಸು ತಡೆಯದೆ, ಮುಂದಿನ ವಾರ ಅವಳನ್ನೂ ಕರೆದುಕೊಂಡು ಫೋರ್ಟ್ ಲೀಗೆ ಡ್ರೈವ್ ಮಾಡಿದೆ. ಆಂಟಿ ಅಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ನಾವು ಮೋಟೆಲ್ ಇಟ್ಟಿದ್ದೆವು ಎಂದು ನನ್ನ ಮಗಳಿಗೆ ಹೇಳಿ, ತೋರಿಸುತ್ತೇನೆ ಕೂರು ಎಂದು ಟೀವಿ ಹಾಕಿದರು. ಅದೇ ಸಿನಿಮಾ. ಅಂಕಲ್ ಅಲ್ಲಾಡುವ ಚಿತ್ರ ಅವರಲ್ಲಿ ಇರುವುದು ಇದೊಂದೇ ಎಂದರು. ಎಷ್ಟು ಸಲ ನೋಡಿದ್ದರೋ, ಸರಿಯಾದ ಜಾಗಕ್ಕೆ ಒಂದೇ ಏಟಿಗೆ ತಂದರು. ಬನಿಯನ್ ತೊಟ್ಟ ಅಂಕಲ್ ಗಂಟುಮುಖದಿಂದ ಕೀ ಚಾಚಿದರು, ಕೊಟ್ಟರು, ನಕ್ಕರು. ಬೆಳಗಿನಿಂದ ನಿನಗಾಗಿಯೇ ಕಾದಿದ್ದೆ ಎಂಬಂಥ ನಗು. ಆ ಬೆಳಿಗ್ಗೆ ಆಂಟಿ ಗೋಡೆ ತೊಳೆಯದೆ ಇದ್ದಿದ್ದರೆ ಈ ನಗು ಉಳಿಯುತ್ತಿರಲಿಲ್ಲ.

ಆಂಟಿ ಅಲ್ಲಿಗೆ ಸಿನಿಮಾ ನಿಲ್ಲಿಸಿದರು. ಅವರು ಎಂದೂ ಅದರಾಚೆ ನೋಡುವುದಿಲ್ಲವಂತೆ.

"ಸೋ ವಾಟ್ ಹ್ಯಾಪನ್ಸ್ ನೆಕ್ಸ್ಟ್?" ಎಂದು ಕೇಳಿದಳು ಮಗಳು.

"ಎಂತದೂ ಆಗುದಿಲ್ಲ," ಎಂದರು ಆಂಟಿ. "ಕೀ ತಕ್ಕೊಂಡವ ಚೆನ್ನಾಗಿ ನಿದ್ದೆ ಮಾಡ್ತಾನೆ. ಬೆಳಿಗ್ಗೆ ಎದ್ದರೆ ಕಾಫಿ ತಿಂಡಿ ಉಂಟು."

ಮಗಳು ನನ್ನ ಮುಖ ನೋಡಿದಳು. ಹೌದು, ಹಾಗೇ ಆಗುವುದು ಎಂದೆ.